ವಿಜಾಪುರ ಸೀಮೆಯ ಛಾಯಾಫಲಕಗಳು

ಅಗರಖೇಡದಿಂದ ಮೊದಲುಗೊಂಡು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಸುತ್ತಣ ಊರುಗಳಲ್ಲಿ, ಹಳೆಯ ವಾಡೆಗಳ ಪಡಸಾಲೆಯ ಗೋಡೆಗೆ ಕಟ್ಟುಹಾಕಿಸಿ ತೂಗಬಿಟ್ಟ ದೊಡ್ಡ ಛಾಯಾಚಿತ್ರಗಳನ್ನು ಮನಸ್ಸಿಟ್ಟು ನೋಡಿದವರಿಗೆ ಒಂದು ಸಂಗತಿ ಎದ್ದು ಕಾಣುತ್ತದೆ. ನಡುವೆ ಕುರ್ಚಿಯ ಮೇಲೆ ಕುಳಿತ ಹಿರಿಯನ ರುಮಾಲಿನ ಒಂದೊಂದು ಸುತ್ತು, ಬೆರಳಿನ ಉಂಗುರ, ಕಾಲ ಬಳಿಯ ಹಾಸುಗಲ್ಲಿನ ಬಿರುಕು ಇವೆಲ್ಲವೂ ಇಂದಿಗೂ ಸ್ಫುಟವಾಗಿ ಉಳಿದಿರುತ್ತವೆ. ಆದರೆ ಸಾಲಿನ ತುದಿಗೆ ನಿಂತ ವಾಲೀಕಾರನ ಮುಖವೂ, ಮಗುವನ್ನು ಕಂಕುಳಲ್ಲಿಟ್ಟುಕೊಂಡು ಕಂಬಕ್ಕೆ ಒತ್ತಿ ನಿಂತ ಹೆಣ್ಣುಮಗಳ ಮುಖವೂ ಗುರುತು ಹತ್ತದಷ್ಟು ಮಸುಕಾಗಿರುತ್ತವೆ. ಕಾಗದ ಹಳತಾದುದರಿಂದ ಹೀಗಾಯಿತೆಂದು ಮನೆಯವರು ಹೇಳುವುದುಂಟು. ಕಾಗದ ಹಳತಾದರೆ ನಡುವೂ ಮಾಸಬೇಕು, ಅಂಚೂ ಮಾಸಬೇಕು. ಅಂಚಷ್ಟೇ ಮಾಸಿದ್ದರೆ ಅದಕ್ಕೆ ಕಾರಣವನ್ನು ಚಿತ್ರ ತೆಗೆದ ಮಸೂರದಲ್ಲಿ ಹುಡುಕತಕ್ಕದ್ದು. ದೊಡ್ಡ ಕ್ಯಾಮೆರಾದ ಮಸೂರಗಳಲ್ಲಿ ಹಳತನ್ನೂ ಹೊಸತನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಿದಾಗ ನನಗೆ ಮುಖ್ಯವಾಗಿ ಕಾಣುವುದು ಇದೇ: ಚಿತ್ರದ ನಡುಭಾಗವು ಮೊದಲಿನಿಂದಲೂ ಚೆನ್ನಾಗಿಯೇ ಇತ್ತು, ನೂರು ವರ್ಷಗಳಿಗೂ ಮಿಕ್ಕಿದ ಪರಿಶ್ರಮವೆಲ್ಲ ವ್ಯಯವಾದುದು ಅಂಚನ್ನು ಗೆಲ್ಲುವುದಕ್ಕಾಗಿ. ಆ ಪರಿಶ್ರಮದ ಲಾಭನಷ್ಟಗಳೆರಡೂ ನಮ್ಮ ಸೀಮೆಯ ಕಟ್ಟಡಗಳ ಹಾಗೂ ಶಾಸನಗಳ ದಾಖಲೆಯಲ್ಲಿ ಅಚ್ಚೊತ್ತಿ ನಿಂತಿವೆ.

1854ರ ಸುಮಾರಿಗೆ ಈಸ್ಟ್ ಇಂಡಿಯಾ ಕಂಪನಿಯ ನಿರ್ದೇಶಕರು, ಪುರಾತನ ಕಟ್ಟಡಗಳನ್ನು ಚಿತ್ರಕಾರರಿಂದ ಬರೆಯಿಸುವ ಕಾರ್ಯವು ನಿಧಾನವೂ ದುಬಾರಿಯೂ ಆಗಿರುವುದನ್ನು ಕಂಡು, ಅದರ ಸ್ಥಾನದಲ್ಲಿ ಛಾಯಾಗ್ರಹಣವನ್ನು ಉಪಯೋಗಿಸಬೇಕೆಂದು ಮುಂಬಯಿ ಸರಕಾರಕ್ಕೆ ಸೂಚಿಸಿದರು. ಅದರಂತೆ 1855ರಲ್ಲಿ ಮುಂಬಯಿ ಫಿರಂಗಿದಳದ ಅಧಿಕಾರಿಯಾದ ಥಾಮಸ್ ಬಿಗ್ಸ್ ಈ ಕೆಲಸಕ್ಕೆ ನೇಮಕಗೊಂಡು, ವಿಜಾಪುರ, ಬಾದಾಮಿ, ಐಹೊಳೆ ಮೊದಲಾದ ಸ್ಥಳಗಳಲ್ಲಿ ಸಂಚರಿಸಿ, ಆ ವರ್ಷದ ಡಿಸೆಂಬರಿನಲ್ಲಿ ಸೈನ್ಯಕ್ಕೆ ಮರಳಿ ಕರೆಯಿಸಿಕೊಳ್ಳುವುದರೊಳಗಾಗಿ ನೂರಕ್ಕೂ ಹೆಚ್ಚು ಕಾಗದದ ನೆಗೆಟಿವ್‌ಗಳನ್ನು ಸಿದ್ಧಪಡಿಸಿದನು. ಅವನ ತರುವಾಯ ಆ ಹೊಣೆ ಮುಂಬಯಿ ವೈದ್ಯಕೀಯ ಸೇವೆಯ ಡಾಕ್ಟರ್ ವಿಲಿಯಂ ಪಿಗೌ ಅವನಿಗೆ ಬಂದಿತು. ಹೋಟಗಿಯಿಂದ ವಿಜಾಪುರದ ಮೇಲೆ ಗದಗಿಗೆ ಹೋಗುವ ರೈಲುಮಾರ್ಗ ತೆರೆದುದು ಇದಕ್ಕೆ ಬಹಳ ಈಚೆಗೆ, 1884ರಲ್ಲಿ. ಜಿಲ್ಲೆಯ ಮುಖ್ಯಸ್ಥಳವು ಕಲಾದಗಿಯಿಂದ ವಿಜಾಪುರಕ್ಕೆ ಬಂದು, ಆದಿಲಶಾಹಿಯ ಮಹಲುಗಳು ಕಚೇರಿಗಳೂ ಬಂಗಲೆಗಳೂ ಆಗಿ ರೂಪಾಂತರಗೊಂಡುದು 1885ರಿಂದ ಈಚೆಗೆ. ಆದುದರಿಂದ ಬಿಗ್ಸನು ಕಂಡ ವಿಜಾಪುರವು ಅನಂತರದವರಿಗೆ ಕಾಣಸಿಗದ ವಿಜಾಪುರ. ಅವನ ಫಲಕಗಳ ಬೆಲೆ ಇರುವುದು ಇಲ್ಲಿಯೇ.

ಆ ಕಾಲದ ಕ್ಯಾಮೆರಾ ದೊಡ್ಡದಾಗಿರಲು ಒಂದು ಸರಳವಾದ ಕಾರಣವಿತ್ತು. ಚಿಕ್ಕ ನೆಗೆಟಿವ್‌ನಿಂದ ದೊಡ್ಡ ಪ್ರತಿಯನ್ನು ತೆಗೆಯುವ ಅನುಕೂಲವು ಆಗ ಬಳಕೆಗೆ ಬಂದಿರಲಿಲ್ಲ. ನೆಗೆಟಿವನ್ನೇ ಲವಣಕಾಗದದ ಮೇಲೋ, ಮೊಟ್ಟೆಯ ಬಿಳಿಯ ಲೇಪದ ಕಾಗದದ ಮೇಲೋ ಒತ್ತಿಟ್ಟು ಬಿಸಿಲಿಗೆ ಹಿಡಿದು ಪ್ರತಿ ಪಡೆಯುತ್ತಿದ್ದರು. ಚಿತ್ರ ಎಷ್ಟು ದೊಡ್ಡದಾಗಬೇಕೋ ಫಲಕವೂ ಅಷ್ಟು ದೊಡ್ಡದಿರಬೇಕು, ಮಸೂರವು ಅಷ್ಟು ವಿಸ್ತಾರದ ಫಲಕವನ್ನೆಲ್ಲ ಬೆಳಗಬೇಕು. ಟಾಲ್ಬಟ್ ಎಂಬವನು 1841ರಲ್ಲಿ ಹಕ್ಕು ಪಡೆದ ಕ್ಯಾಲೊಟೈಪ್ ವಿಧಾನದಲ್ಲಿ ಬೆಳ್ಳಿಯ ಲವಣವನ್ನು ಹೀರಿಸಿದ ಕಾಗದವೇ ಫಲಕ. ನಿಮಿಷಗಟ್ಟಲೆ ಅದಕ್ಕೆ ಬೆಳಕು ತೋರಿಸಬೇಕಾಗುತ್ತಿತ್ತು. ಆ ಕಾಗದಕ್ಕೆ ನೀಲಿ, ನೇರಿಳೆ ಕಿರಣಗಳಷ್ಟೇ ತಾಕುತ್ತಿದ್ದುದರಿಂದ ನೀಲ ಆಕಾಶವು ಬರಿಯ ಬಿಳುಪಾಗಿಯೂ, ಮಣ್ಣಿನ ಕೆಂಪು ಕಪ್ಪಾಗಿಯೂ ಮೂಡುತ್ತಿದ್ದವು.

ಇಂತಹ ಫಲಕದ ಮುಂದೆ ನಿಲ್ಲಿಸಲು 1850ರ ದಶಕದಲ್ಲಿ ದೊರೆಯುತ್ತಿದ್ದ ಮಸೂರಗಳಲ್ಲಿ ಪ್ರಧಾನವಾದವು ಎರಡು ಜಾತಿಯವು. ಒಂದು, ದೃಶ್ಯಗಳಿಗೆಂದು ಮಾಡಿದ್ದು: ಎರಡು ಬಗೆಯ ಗಾಜನ್ನು ಅಂಟಿಸಿ, ಬಣ್ಣಗಳು ಬೇರೆಬೇರೆ ದೂರದಲ್ಲಿ ಕೂಡುವ ದೋಷವನ್ನು ಕಡಿಮೆಗೊಳಿಸಿ, ತಗ್ಗಾದ ಮುಖವನ್ನು ದೃಶ್ಯದತ್ತ ತಿರುಗಿಸಿ, ಅದರ ಮುಂದೆ ಸ್ವಲ್ಪ ದೂರದಲ್ಲಿ ಒಂದು ಕಿರುಗಂಡಿಯನ್ನು ಇಟ್ಟದ್ದು. ಸಂಗಮದೂರವನ್ನು, ಎಂದರೆ ಮಸೂರದಿಂದ ದೂರದ ವಸ್ತುವಿನ ಬಿಂಬ ಕೂಡುವ ಸ್ಥಳದವರೆಗಿನ ದೂರವನ್ನು, ಹದಿನೈದು ಭಾಗ ಮಾಡಿದರೆ ಒಂದು ಭಾಗದಷ್ಟು ಅಗಲದ ಕಂಡಿ, ಬೆಳಕು ಅತ್ಯಲ್ಪ. ಇನ್ನೊಂದು, ಗಣಿತಜ್ಞನಾದ ಜೋಸೆಫ್ ಪೆಟ್ಜ್‌ವಾಲನು ಲೆಕ್ಕ ಹಾಕಿ 1840ರಲ್ಲಿ ರೂಪಿಸಿದ, ಫೋಯಿಕ್ಟ್‌ಲೆಂಡರನು ತಯಾರಿಸಿದ ಮುಖಚಿತ್ರದ ಮಸೂರ. ಅದರ ಕಂಡಿಯು ಸಂಗಮದೂರದ 3.6ರಲ್ಲಿ ಒಂದು ಭಾಗ. ಮೊದಲಿನದಕ್ಕಿಂತ ಹದಿನೇಳು ಪಟ್ಟು ಬೆಳಕನ್ನು ಒಳಕ್ಕೆ ಬಿಡುತ್ತಿತ್ತು. ಉಸಿರು ಬಿಗಿಹಿಡಿದು ಕುಳಿತವನ ಕಣ್ಣು ರೆಪ್ಪೆಗಳನ್ನು ಅಷ್ಟು ಜೀವಂತವಾಗಿ ಹಿಡಿದ ಮಸೂರವು ಆ ಕಾಲದಲ್ಲಿ ಬೇರೊಂದಿರಲಿಲ್ಲ. ಆದರೆ ಅದರ ಬಿಂಬವು ಸಮತಲದಲ್ಲಿ ನಿಲ್ಲದೆ ಬಟ್ಟಲಿನ ಒಳಮೈಯಂತೆ ಬಾಗಿ ನಿಲ್ಲುತ್ತಿತ್ತು, ಫಲಕವೋ ಸಮತಲವಾದುದು. ನಡುವಿಗೆ ಸಂಗಮವನ್ನು ಹೊಂದಿಸಿದರೆ ಅಂಚು ತಪ್ಪುವುದು ಅನಿವಾರ್ಯ. ಬಲ್ಲ ಛಾಯಾಗ್ರಾಹಕರು ಜನರನ್ನು ನೇರ ಸಾಲಿನಲ್ಲಿ ನಿಲ್ಲಿಸದೆ, ತುದಿಯವರು ಕ್ಯಾಮೆರಾದ ಹತ್ತಿರಕ್ಕೆ ಬರುವಂತೆ ಅರ್ಧಚಂದ್ರಾಕಾರದಲ್ಲಿ ನಿಲ್ಲಿಸಿ ಈ ದೋಷವನ್ನು ನಿವಾರಿಸಿಕೊಳ್ಳುತ್ತಿದ್ದರು. ಬಲ್ಲವರಲ್ಲದವರು ನೇರ ಸಾಲನ್ನೇ ನಿಲ್ಲಿಸಿದರು, ಗೌಡರನ್ನೂ ಕುಲಕರ್ಣಿಯವರನ್ನೂ ನಡುವೆ ಕೂಡಿಸಿದರು. ತುದಿಗೆ ನಿಲ್ಲುವುದು ಯಾರ ಪಾಲಿಗೆ ಬರುತ್ತಿತ್ತೆಂಬುದನ್ನು ಹೇಳಬೇಕಾಗಿಲ್ಲ. ಊರಿನ ಸಾಮಾಜಿಕ ಶ್ರೇಣಿಯೂ ಗಾಜಿನ ವಕ್ರತೆಯೂ ಹೀಗೆ ಕೈಗೂಡಿಸಿ ಕೆಲವರ ಮುಖಗಳನ್ನು ಶಾಶ್ವತವಾಗಿ ಅಳಿಸಿದುವೆಂಬುದು ನನಗೆ ಬಹಳ ನೋವಿನ ವಿಷಯ.

ಕಟ್ಟಡಗಳ ವಿಷಯದಲ್ಲಿ ತೊಂದರೆಯ ಸ್ವರೂಪ ಬೇರೆಯಾಗಿತ್ತು. ಕಂಡಿಯು ಮಸೂರದ ಮುಂದಿದ್ದರೆ ಅಂಚಿನ ನೇರ ರೇಖೆಗಳು ಹೊರಮುಖವಾಗಿ ಉಬ್ಬುತ್ತವೆ, ಹಿಂದಿದ್ದರೆ ಒಳಮುಖವಾಗಿ ಬಾಗುತ್ತವೆ. ಬೆಟ್ಟ, ಮರ, ಹೊಳೆಗಳ ಚಿತ್ರದಲ್ಲಿ ಇದು ಯಾರ ಕಣ್ಣಿಗೂ ಬೀಳದು, ವಾಸ್ತುವಿನ ಚಿತ್ರದಲ್ಲಿ ಮುಚ್ಚಿಡಲು ಬಾರದು. ಗೋಲಗುಮ್ಮಟದ ನಾಲ್ಕು ಮೂಲೆಗಳಲ್ಲಿ ಏಳೇಳು ಅಂತಸ್ತಿನ ಎಂಟು ಮೂಲೆಯ ಗೋಪುರಗಳಿವೆ. ಮುಂಭಾಗದಿಂದ ಚಿತ್ರ ತೆಗೆಯುವವನಿಗೆ ಗುಮ್ಮಟವು ಫಲಕದ ನಡುವಿಗೂ, ಗೋಪುರಗಳು ಎರಡು ಅಂಚುಗಳಿಗೂ ಬೀಳುವುದು ಸಹಜ. ನೆಟ್ಟಗೆ ನಿಂತ ಕರಿಗಲ್ಲಿನ ಗೋಪುರವು ಚಿತ್ರದಲ್ಲಿ ಬಿಲ್ಲಿನಂತಾದರೆ, ಆ ಚಿತ್ರದಿಂದ ಅಳತೆ ಹಿಡಿಯುವ ವಿದ್ವಾಂಸನ ಗತಿ ಏನು?

ಆ ವಿದ್ವಾಂಸನು ಕಲ್ಪನೆಯ ವ್ಯಕ್ತಿಯಲ್ಲ. 1866ರಲ್ಲಿ ಲಂಡನ್ನಿನ ಜಾನ್ ಮರ್ರೆಯ ಪ್ರಕಾಶನದಿಂದ ವಿಜಾಪುರದ ವಾಸ್ತುಶಿಲ್ಪವನ್ನು ಕುರಿತ ಬೃಹದ್ಗ್ರಂಥವೊಂದು ಹೊರಬಂದಿತು. ಅದರಲ್ಲಿ ಬಿಗ್ಸನೂ, ಆ ವೇಳೆಗೆ ದಿವಂಗತನಾಗಿದ್ದ ಮೇಜರ್ ಲಾಕನೂ ಸ್ಥಳದಲ್ಲಿಯೇ ತೆಗೆದ ಛಾಯಾಚಿತ್ರಗಳ ಮೂಲಪ್ರತಿಗಳನ್ನೇ ಪುಟಗಳಿಗೆ ಅಂಟಿಸಲಾಗಿತ್ತು. ಕ್ಯಾಪ್ಟನ್ ಹಾರ್ಟ್, ಕಮ್ಮಿಂಗ್ ಹಾಗೂ ದೇಶೀಯ ನಕ್ಷೆಗಾರರು ಬರೆದ ನಕ್ಷೆಗಳನ್ನು ಕೂಡ ಕ್ಯಾಮೆರಾದಿಂದಲೇ ಪ್ರತಿ ಮಾಡಿ ಸೇರಿಸಲಾಗಿತ್ತು. ಇತಿಹಾಸದ ಭಾಗವನ್ನು ಬರೆದವನು ಕರ್ನಲ್ ಮೆಡೋಸ್ ಟೇಲರ್. ಮುದ್ದೇಬಿಹಾಳದ ನೆರೆಯ ಸುರಪುರ ಸಂಸ್ಥಾನದಲ್ಲಿ ಬಾಲರಾಜನ ಪರವಾಗಿ ವರ್ಷಗಟ್ಟಲೆ ಆಡಳಿತವನ್ನು ನೋಡಿಕೊಂಡು ಈ ನೆಲವನ್ನೂ ಜನವನ್ನೂ ಹತ್ತಿರದಿಂದ ಅರಿತವನು. ವಾಸ್ತುವಿನ ವಿಮರ್ಶೆಯನ್ನು ಬರೆದವನು ಜೇಮ್ಸ್ ಫರ್ಗ್ಯುಸನ್. ಛಾಯಾಚಿತ್ರಗಳನ್ನು ಒಂದರ ಪಕ್ಕಕ್ಕೊಂದು ಇಟ್ಟು ಕಟ್ಟಡಗಳ ಶೈಲಿಯನ್ನು ತೂಗಿನೋಡುವ ಪದ್ಧತಿಯನ್ನು ಭಾರತದ ವಾಸ್ತುಶಾಸ್ತ್ರಕ್ಕೆ ತಂದುಕೊಟ್ಟವನು.

ಈ ಗ್ರಂಥವು ಪ್ರಕಟವಾದ ವರ್ಷದಲ್ಲಿಯೇ, ಅದರ ಫಲಕಗಳಿಗೆ ಅತ್ಯಾವಶ್ಯಕವಾಗಿದ್ದ ಮಸೂರವೂ ಜನಿಸಿತು. 1866ರಲ್ಲಿ ಇಂಗ್ಲೆಂಡಿನ ಡಾಲ್‌ಮೇಯರನು ರ್‍ಯಾಪಿಡ್ ರೆಕ್ಟಿಲಿನಿಯರ್ ಎಂಬುದನ್ನೂ, ಜರ್ಮನಿಯ ಸ್ಟೈನ್‌ಹೈಲನು ಅಪ್ಲನಾಟ್ ಎಂಬುದನ್ನೂ ಒಬ್ಬರನ್ನೊಬ್ಬರು ಅನುಸರಿಸದೆ ನಿರ್ಮಿಸಿದರು. ಎರಡರ ತತ್ತ್ವವೂ ಒಂದೇ: ಒಂದೇ ಬಗೆಯ ಎರಡು ಮಸೂರಗಳನ್ನು ಎದುರುಬದುರಾಗಿಟ್ಟು ಕಂಡಿಯನ್ನು ನಟ್ಟನಡುವೆ ಇರಿಸುವುದು. ಮುಂದಿನ ಮಸೂರವು ರೇಖೆಯನ್ನು ಒಂದು ಕಡೆಗೆ ಬಾಗಿಸಿದರೆ ಹಿಂದಿನದು ಅಷ್ಟೇ ಪ್ರಮಾಣದಲ್ಲಿ ಇನ್ನೊಂದು ಕಡೆಗೆ ಬಾಗಿಸುತ್ತದೆ. ರೇಖೆ ನೇರವಾಗಿಯೇ ಉಳಿಯುತ್ತದೆ. ಅಂಚಿನಲ್ಲಿ ಬಣ್ಣಗಳು ಬೇರೆಬೇರೆ ಗಾತ್ರದ ಬಿಂಬಗಳಾಗಿ ಕವಲೊಡೆಯುವ ದೋಷವೂ ಇದೇ ಸಮಮಿತಿಯಿಂದ ಅಳಿಯುತ್ತದೆ. ಮುಂದಿನ ಅರ್ಧ ಶತಮಾನದ ಉದ್ದಕ್ಕೂ ಊರೂರಿನ ಛಾಯಾಗ್ರಾಹಕರ ಮೂರು ಕಾಲಿನ ಕ್ಯಾಮೆರಾಗಳಲ್ಲಿ ಈ ಜಾತಿಯ ಹಿತ್ತಾಳೆಯ ಮಸೂರವು ಸರ್ವಸಾಮಾನ್ಯವಾಯಿತು. ರೇಖೆಯನ್ನು ನೆಟ್ಟಗೆ ನಿಲ್ಲಿಸಿದರೂ ಅದು ಅಂಚಿನ ಮಸುಕನ್ನು ಪೂರ್ತಿಯಾಗಿ ನೀಗಲಿಲ್ಲ. ಗೋಡೆಯ ಮೇಲಿನ ಆ ಮಸುಕು ಮುಖಗಳಲ್ಲಿ ಬಹುಪಾಲು ಇದರದೇ ಎಂದು ನಾನು ಬಗೆಯುತ್ತೇನೆ.

ಶಾಸನಗಳ ಕತೆಯನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳಲೇಬೇಕು, ಏಕೆಂದರೆ ಅಂಚಿನ ಬೆಲೆ ಕಲ್ಲಿನ ಬರೆಹದಲ್ಲಿ ತಿಳಿಯುವಷ್ಟು ಬೇರೆಲ್ಲಿಯೂ ತಿಳಿಯದು. ಕ್ಯಾಮೆರಾ ಬರುವುದಕ್ಕೆ ಮೊದಲು ವಾಲ್ಟರ್ ಎಲಿಯಟ್ಟನು ಧಾರವಾಡ ಪ್ರಾಂತದಲ್ಲಿದ್ದಾಗ ಲಿಪಿಕಾರರಿಂದ ಕೈಯಲ್ಲಿ ನಕಲು ಮಾಡಿಸಿ ಆರುನೂರರ ಹತ್ತಿರದಷ್ಟು ಶಾಸನಗಳ ಪಾಠವನ್ನು ಸಂಗ್ರಹಿಸಿದ್ದನು. ಕೈನಕಲಿನಲ್ಲಿ ಕಲ್ಲಿನ ಅಕ್ಷರದ ಜೊತೆಗೆ ಲಿಪಿಕಾರನ ಊಹೆಯೂ ಬೆರೆಯುತ್ತದೆ. ಬಿಗ್ಸ್ ಮತ್ತು ಪಿಗೌ ತೆಗೆದ ಶಾಸನಗಳ ಛಾಯಾಪ್ರತಿಗಳು 1866ರಲ್ಲಿ ಪ್ರಕಟವಾದಾಗ, ದೂರದ ವಿದ್ವಾಂಸನೂ ಕಲ್ಲಿನ ಮುಖವನ್ನು ತನ್ನ ಮೇಜಿನ ಮೇಲೆ ಕಾಣುವ ಸೌಕರ್ಯ ಒದಗಿತು. 1867ರಲ್ಲಿ ಮುಂಬಯಿ ಪ್ರಾಂತದ ಸೇವೆಗೆ ಬಂದ ಜಾನ್ ಫೇತ್‌ಫುಲ್ ಫ್ಲೀಟ್ ಇವುಗಳನ್ನು ಕ್ರಮಪಡಿಸಿ, ಮುಂಬಯಿ ಪ್ರಾಂತ, ಮದರಾಸು ಪ್ರಾಂತದ ಕೆಲವು ಭಾಗ ಹಾಗೂ ಮೈಸೂರಿನ ಪಾಲಿ, ಸಂಸ್ಕೃತ, ಹಳಗನ್ನಡ ಶಾಸನಗಳ ಸಂಪುಟವನ್ನು ಪುರಾತತ್ತ್ವಜ್ಞ ಬರ್ಜೆಸ್ಸನ ನೆರವಿನಿಂದ 1878ರಲ್ಲಿ ಹೊರತಂದನು. 1883ರಲ್ಲಿ ಭಾರತ ಸರಕಾರದ ಶಾಸನತಜ್ಞನ ಹುದ್ದೆಯೂ ಅವನಿಗೆ ದೊರೆಯಿತು. ಕನ್ನಡ ನಾಡಿನ ರಾಜವಂಶಗಳ ಕಾಲಗಣನೆಗೆ ಅವನು ಹಾಕಿದ ತಳಹದಿಯಲ್ಲಿ ಈ ಛಾಯಾಚಿತ್ರಗಳಿಗೂ ಪಾಲುಂಟು.

ಆದರೆ ಶಾಸನದ ಪಂಕ್ತಿಯು ಕಲ್ಲಿನ ಎಡ ಅಂಚಿನಿಂದ ಬಲ ಅಂಚಿನವರೆಗೆ ಹಬ್ಬಿರುತ್ತದೆ. ಕಲ್ಲು ಫಲಕವನ್ನು ತುಂಬುವಂತೆ ಚಿತ್ರ ತೆಗೆದರೆ ಪ್ರತಿಯೊಂದು ಪಂಕ್ತಿಯ ಮೊದಲಿನ ಎರಡು ಮೂರು ಅಕ್ಷರಗಳೂ ಕೊನೆಯ ಎರಡು ಮೂರು ಅಕ್ಷರಗಳೂ ಮಸೂರದ ದುರ್ಬಲ ವಲಯದಲ್ಲಿಯೇ ಬೀಳುತ್ತವೆ. ಶಕವರ್ಷದ ಅಂಕಿಯೋ, ದಾನಿಯ ಹೆಸರೋ, ನೆಲದ ಅಳತೆಯೋ ಪಂಕ್ತಿಯ ತುದಿಯಲ್ಲಿದ್ದರೆ ಆಯಿತು, ಅರ್ಥವೇ ಜಾರಿಹೋಗುತ್ತದೆ. ಮುಂದೆ ಕಲ್ಲಿಗೆ ಒದ್ದೆಯ ಕಾಗದವನ್ನು ಬಡಿದು ಮಸಿ ತಟ್ಟಿ ಪಡಿಯಚ್ಚು ತೆಗೆಯುವ ಪದ್ಧತಿಯು ಶಾಸನಶಾಸ್ತ್ರದಲ್ಲಿ ನೆಲೆಗೊಂಡುದಕ್ಕೆ ಇದೂ ಒಂದು ಕಾರಣವಾಗಿರಬೇಕು; ಪಡಿಯಚ್ಚಿಗೆ ನಡುವಿಲ್ಲ, ಅಂಚಿಲ್ಲ. ಇಂಡಿ ತಾಲೂಕಿನ ಸಾಲೋಟಗಿಯ ಕಂಬವು ನೆನಪಿಗೆ ಬರುತ್ತದೆ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿಯಾದ ನಾರಾಯಣನು ಕ್ರಿ. ಶ. 945ರಲ್ಲಿ ಅಲ್ಲಿ ಶಾಲೆಯೊಂದನ್ನು ಕಟ್ಟಿಸಿದ, ನಾನಾ ದೇಶಗಳಿಂದ ಬಂದ ವಿದ್ಯಾರ್ಥಿಗಳ ವಸತಿಗೆ ಮನೆಗಳನ್ನೂ ಉಂಬಳಿಯನ್ನೂ ಒದಗಿಸಿದ ವೃತ್ತಾಂತವನ್ನು ಹೊತ್ತ ಕಂಬವದು. ಹಲವು ಮುಖಗಳಲ್ಲಿ ಬರೆದ ಇಂತಹ ಕಂಬದ ಮುಂದೆ ಯಾವ ಕಾಲದ ಮಸೂರವೂ ವಿನಯದಿಂದ ಒಂದೊಂದೇ ಮುಖಕ್ಕೆ ಎದುರಾಗಿ ನಿಲ್ಲಬೇಕು. ಓರೆಯಾಗಿ ನಿಂತರೆ ಹತ್ತಿರದ ಅಕ್ಷರ ಹಿಗ್ಗಿ ದೂರದ ಅಕ್ಷರ ಕುಗ್ಗುವುದು.

ಮಸುಕನ್ನು ನೀಗಬೇಕಾದರೆ ಹೊಸ ಗಾಜೇ ಹುಟ್ಟಬೇಕಾಗಿತ್ತು. ಹಳೆಯ ಗಾಜುಗಳಲ್ಲಿ ಬೆಳಕನ್ನು ಹೆಚ್ಚಾಗಿ ಬಾಗಿಸುವುದೇ ಬಣ್ಣಗಳನ್ನೂ ಹೆಚ್ಚಾಗಿ ಒಡೆಯುತ್ತಿತ್ತು. ಈ ಎರಡು ಗುಣಗಳ ಗಂಟನ್ನು ಬಿಡಿಸದೆ, ಬಣ್ಣವನ್ನೂ ಬಿಂಬದ ಬಾಗನ್ನೂ ಒಟ್ಟಿಗೆ ತಿದ್ದುವುದು ಸಾಧ್ಯವಿರಲಿಲ್ಲ. ಜರ್ಮನಿಯ ಯೇನಾ ಪಟ್ಟಣದಲ್ಲಿ ಅರ್ನ್ಸ್ಟ್ ಅಬ್ಬೆಯೂ ಓಟೋ ಷೋಟ್ಟನೂ 1884ರಲ್ಲಿ ಸ್ಥಾಪಿಸಿದ ಗಾಜಿನ ಕಾರ್ಖಾನೆಯಿಂದ ಬೇರಿಯಂ ಬೆರೆತ ಗಾಜುಗಳು ಬಂದ ಮೇಲೆ ಆ ಗಂಟು ಬಿಚ್ಚಿತು. 1890ರಲ್ಲಿ ಝೈಸ್ ಸಂಸ್ಥೆಯ ಪೌಲ್ ರುಡೋಲ್ಫನು ಅನಾಸ್ಟಿಗ್ಮಾಟನ್ನೂ, 1892ರಲ್ಲಿ ಎಮಿಲ್ ಫಾನ್ ಹೋಘನು ಗೋರ್ಜ್ ಸಂಸ್ಥೆಗಾಗಿ ಡಾಗೋರನ್ನೂ, 1902ರಲ್ಲಿ ಪುನಃ ರುಡೋಲ್ಫನು ಟೆಸ್ಸಾರನ್ನೂ ಲೋಕಕ್ಕೆ ಕೊಟ್ಟರು. ಬಿಂಬವು ಬಹುಮಟ್ಟಿಗೆ ಸಮತಲವಾಯಿತು. ಅಂಚಿನಲ್ಲಿ ಬಿಂದುವು ಗೀಟಾಗಿ ಎಳೆದುಹೋಗುವುದು ತಪ್ಪಿತು. ಇತ್ತ ಕಾಗದದ ಸ್ಥಾನಕ್ಕೆ ಒಣ ಲೇಪದ ಗಾಜಿನ ಪ್ಲೇಟು ಬಂದಿದ್ದಿತು. ಪಶ್ಚಿಮ ವಲಯದ ಪುರಾತತ್ತ್ವಾಧಿಕಾರಿಯಾಗಿದ್ದ ಹೆನ್ರಿ ಕಸಿನ್ಸ್ ವರ್ಷಾನುವರ್ಷ ದುಡಿದು 1916ರಲ್ಲಿ ವಿಜಾಪುರದ ವಾಸ್ತುಶೇಷಗಳನ್ನು ಕುರಿತ ಮಹಾಗ್ರಂಥವನ್ನು ಪ್ರಕಟಿಸುವ ವೇಳೆಗೆ, ಒಂದೇ ನಗರದ ಮೇಲೆ ಎರಡು ಯುಗಗಳ ಛಾಯಾಗ್ರಹಣವು ಎರಡು ಗ್ರಂಥಗಳಾಗಿ ನಿಂತಂತಾಯಿತು. ಎರಡನ್ನೂ ಒಟ್ಟಿಗೆ ತೆರೆದಿಟ್ಟು ನೋಡುವ ಸುಖ ದೊಡ್ಡದು.

ಅಂಚಿನ ಗೆಲುವಿನಿಂದ ವಾಸ್ತುಚಿತ್ರಕ್ಕೆ ಏನು ಲಭಿಸಿತೆಂಬುದನ್ನು ಲೆಕ್ಕವೊಂದರಿಂದ ತಿಳಿಯಬಹುದು. ಗೋಲಗುಮ್ಮಟದ ಎತ್ತರ ಸುಮಾರು 198 ಅಡಿ. ಮಸೂರದ ಸಂಗಮದೂರ 15 ಇಂಚು, ಫಲಕದ ಎತ್ತರ 12 ಇಂಚು, ಅಗಲ 15 ಇಂಚು ಎಂದುಕೊಳ್ಳೋಣ. ಗೋಡೆಗಳು ಹಿಂದಕ್ಕೆ ವಾಲಿದಂತೆ ಕಾಣಬಾರದೆಂದರೆ ಕ್ಯಾಮೆರಾವನ್ನು ಮೇಲಕ್ಕೆ ಎತ್ತಿಹಿಡಿಯಕೂಡದು, ಮಟ್ಟವಾಗಿಯೇ ಇಡಬೇಕು. ಆಗ ಫಲಕದ ಅರ್ಧಭಾಗವೆಲ್ಲ ಬರಿಯ ನೆಲಕ್ಕೆ ಹೋಗಿ, ಉಳಿದ 6 ಇಂಚಿನಲ್ಲಿ ಕಟ್ಟಡವು ಹಿಡಿಯಬೇಕಾದುದರಿಂದ, ಮುಕ್ಕಾಲಿಯ ಎತ್ತರವನ್ನು ಕಳೆದು ಲೆಕ್ಕ ಹಾಕಿದರೆ, ಸುಮಾರು 480 ಅಡಿ ದೂರ ಹಿಂದೆ ಸರಿಯಬೇಕಾಗುತ್ತದೆ. ಮಸೂರವನ್ನಷ್ಟೇ ಮುಂಗಟ್ಟಿನಲ್ಲಿ 4 ಇಂಚು ಮೇಲಕ್ಕೆ ಜರುಗಿಸಿದರೆ 10 ಇಂಚು ಕಟ್ಟಡದ ಪಾಲಿಗೆ ಬಂದು, 290 ಅಡಿಯಿಂದಲೇ ಚಿತ್ರ ಸಿಗುತ್ತದೆ. ಆದರೆ ಆಗ ಫಲಕದ ಮೇಲಿನ ಮೂಲೆಯು ಮಸೂರದ ಅಕ್ಷದಿಂದ ಹನ್ನೆರಡೂವರೆ ಇಂಚು ದೂರವಾಗುತ್ತದೆ. ಎಂದರೆ ಮಸೂರವು ಒಟ್ಟು 80 ಅಂಶಗಳ ಕೋನವನ್ನು ಸ್ಪಷ್ಟವಾಗಿ ತುಂಬಬೇಕು. ದೃಶ್ಯಮಸೂರಕ್ಕೂ ರೆಕ್ಟಿಲಿನಿಯರಿಗೂ ಇದು ಶಕ್ತಿಗೆ ಮೀರಿದುದು. ಡಾಗೋರು ಕಂಡಿಯನ್ನು ಬಹಳ ಕಿರಿದುಗೊಳಿಸಿದಾಗ ಅದನ್ನು ಮುಟ್ಟುತ್ತದೆ. ಎರಡನೆಯ ಮಹಾಯುದ್ಧದ ಅನಂತರ ಬಂದ ಸೂಪರ್ ಆಂಗ್ಯುಲಾನಿನಂತಹ ವಿಶಾಲಕೋನದ ಮಸೂರಗಳು 100 ಅಂಶಗಳನ್ನು ತುಂಬುತ್ತವೆ. ಕೋನವು ಹಿಗ್ಗಿದಂತೆ ಮೂಲೆಗೆ ತಲಪುವ ಬೆಳಕು ತೀವ್ರವಾಗಿ ಕುಂದುವುದು ನಿಸರ್ಗದ ನಿಯಮ. ಮೇಲಿನ ಲೆಕ್ಕದಲ್ಲಿ ಆ ಮೂಲೆಗೆ ಸಲ್ಲುವುದು ನಡುವಿನ ಬೆಳಕಿನ ಮೂರರಲ್ಲೊಂದು ಪಾಲು ಮಾತ್ರ. ಮುಂದೆಯೂ ಹಿಂದೆಯೂ ದೊಡ್ಡ ನಿಮ್ನ ಮಸೂರಗಳನ್ನಿಟ್ಟು ಈ ನಷ್ಟವನ್ನು ತಗ್ಗಿಸುವ ಉಪಾಯವನ್ನು ರಷ್ಯದ ರೂಸಿನೋವನು ಕಂಡುಹಿಡಿದನು. ಹೊಸ ವಿಶಾಲಕೋನದ ಮಸೂರಗಳೆಲ್ಲ ಆ ದಾರಿಯವೇ.

ಹೊಸತರ ಇನ್ನೊಂದು ಸಂಪತ್ತು ಲೇಪ. ಬರಿಯ ಗಾಜಿನ ಪ್ರತಿಯೊಂದು ಮೈಯೂ ನೂರರಲ್ಲಿ ನಾಲ್ಕು ಪಾಲು ಬೆಳಕನ್ನು ಹಿಂದಕ್ಕೆ ಹೊಡೆಯುತ್ತದೆ. ಆರು ಗಾಜುಗಳಿದ್ದರೂ ಮೂರು ಮೂರಾಗಿ ಅಂಟಿಸಿದ ಡಾಗೋರಿನಲ್ಲಿ ಗಾಳಿಗೆ ತೆರೆದ ಮೈಗಳು ನಾಲ್ಕೇ. 85 ಪಾಲು ಬೆಳಕು ದಾಟುತ್ತದೆ. 1918ರಲ್ಲಿ ರುಡೋಲ್ಫನು ರೂಪಿಸಿದ ಪ್ಲಾಸ್ಮಾಟ್ ಡಾಗೋರಿಗಿಂತ ಸೂಕ್ಷ್ಮವಾಗಿ ತಿದ್ದಿದ ರಚನೆಯಾದರೂ ಅದಕ್ಕೆ ಎಂಟು ಮೈಗಳು. ದಾಟುವುದು 72 ಪಾಲು, ಉಳಿದುದರಲ್ಲಿ ಒಂದಂಶ ಒಳಗೇ ಪುಟಿದಾಡಿ ಚಿತ್ರದ ಕಪ್ಪನ್ನೆಲ್ಲ ಬೂದಿಬಣ್ಣಕ್ಕೆ ತಿರುಗಿಸುತ್ತದೆ. 1935ರಲ್ಲಿ ಝೈಸಿನ ಅಲೆಕ್ಸಾಂಡರ್ ಸ್ಮಾಕುಲಾ ಗಾಜಿನ ಮೈಗೆ ಅತಿತೆಳುವಾದ ಲೇಪವನ್ನು ಕೊಟ್ಟು ಈ ಪ್ರತಿಫಲನವನ್ನು ತಗ್ಗಿಸಿದ ಮೇಲೆ ಎಂಟು ಮೈಗಳ ರಚನೆಯು ನಿಶ್ಚಿಂತೆಯಿಂದ ಬಾಳುವಂತಾಯಿತು. ಅನಂತರ ಬಂದ ಸಿಮ್ಮಾರ್, ಸಿರೋನಾರ್, ನಿಕ್ಕೋರ್ ಮೊದಲಾದವು ಬಹುಪಾಲು ಆ ಪ್ಲಾಸ್ಮಾಟಿನ ಸಂತಾನವೇ. ಗೋಲಗುಮ್ಮಟದ ಒಳಗೆ, 124 ಅಡಿ ವ್ಯಾಸದ ಗುಮ್ಮಟದ ಕೆಳಗೆ, ಕತ್ತಲ ಗೋಡೆಯನ್ನೂ ಬಾಗಿಲಾಚೆಯ ಬಿಸಿಲನ್ನೂ ಒಂದೇ ಫಲಕದಲ್ಲಿ ಹಿಡಿಯಬೇಕೆನ್ನುವವನಿಗೆ ಲೇಪವು ವರಪ್ರಸಾದ.

ಹಾಗೆಂದು ಡಾಗೋರನ್ನು ಕೈಬಿಡಬೇಕೆಂದು ನಾನು ಹೇಳಲಾರೆ. ನಾಲ್ಕೇ ಮೈಗಳ ಆ ಮಸೂರವು ಲೇಪವಿಲ್ಲದೆಯೂ ಕರಿಗಲ್ಲಿನ ಕಪ್ಪಿನ ನೂರು ಛಾಯೆಗಳನ್ನು ಬಿಡಿಸಿ ತೋರಿಸುತ್ತದೆ, ಕೈಚೀಲದಲ್ಲಿ ಹಿಡಿಯುವಷ್ಟು ಚಿಕ್ಕದಾಗಿದೆ. ಅದನ್ನು ಬಳಸುವವರು ಮರೆಯಬಾರದ ಸಂಗತಿ ಒಂದುಂಟು: ಕಂಡಿಯನ್ನು ಕಿರಿದುಗೊಳಿಸಿದಂತೆ ಅದರ ಸಂಗಮವು ಸ್ವಲ್ಪ ಸ್ಥಾನಪಲ್ಲಟ ಹೊಂದುತ್ತದೆ, ಆದುದರಿಂದ ಚಿತ್ರ ತೆಗೆಯುವ ಕಂಡಿಯಲ್ಲಿಯೇ ಕಪ್ಪು ಬಟ್ಟೆಯೊಳಗೆ ಕುಳಿತು ಪುನಃ ಹೊಂದಿಸಿಕೊಳ್ಳಬೇಕು. ಮುಖಚಿತ್ರಕ್ಕಾದರೆ ಪೆಟ್ಜ್‌ವಾಲನ ಮಸೂರವನ್ನು ಇಂದಿಗೂ ಮೀರಿಸಿದ್ದು ಅಪರೂಪ. ಹೊಸತು ಅಂಚಿನವರೆಗೂ ಸಮವಾಗಿ ನ್ಯಾಯ ನೀಡುತ್ತದೆ. ಒಬ್ಬನೇ ಮನುಷ್ಯನ ಮುಖ ನಡುವೆ ಇದ್ದಾಗ ಆ ನ್ಯಾಯದ ಅಗತ್ಯವಿಲ್ಲ. ಸಾಲಿನಲ್ಲಿ ಹತ್ತು ಜನ ನಿಂತಾಗ ಅದು ಅತ್ಯಗತ್ಯ, ಅಲ್ಲಿ ನಾನು ಎಂದೆಂದಿಗೂ ಹೊಸತರ ಪಕ್ಷ.

ಹಳೆಯ ಫಲಕದ ಎದುರು ಹೊಸ ಚಿತ್ರವನ್ನಿಟ್ಟು ಹೋಲಿಸಬಯಸುವವರಿಗೆ ಒಂದು ಅನುಕೂಲವಿದೆ. ಹತ್ತಿರದ ಹಾಗೂ ದೂರದ ವಸ್ತುಗಳ ಪರಸ್ಪರ ಪ್ರಮಾಣವನ್ನು ನಿಶ್ಚಯಿಸುವುದು ನಿಂತ ಸ್ಥಳವೇ ಹೊರತು ಮಸೂರವಲ್ಲ. ಹಳೆಯ ಚಿತ್ರದಲ್ಲಿ ಮುಂದಿನ ಗೋಪುರದ ಅಂಚು ಹಿಂದಿನ ಯಾವ ಕಿಟಕಿಯನ್ನು ಎಷ್ಟು ಮರೆಮಾಡಿದೆಯೆಂಬುದನ್ನು ನೋಡಿಕೊಂಡು, ಅದೇ ಮರೆ ಕಾಣುವವರೆಗೆ ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ ಸರಿದರೆ ಬಿಗ್ಸನು ಮುಕ್ಕಾಲಿಯನ್ನು ನೆಟ್ಟ ನೆಲವೇ ದೊರೆಯುತ್ತದೆ. ಅಲ್ಲಿಂದ ತೆಗೆದ ಹೊಸ ಚಿತ್ರದ ನೇರ ರೇಖೆಗಳನ್ನು ಆಧಾರವಾಗಿಟ್ಟುಕೊಂಡು ಹಳೆಯದರ ಬಾಗನ್ನು ಅಳೆಯಬಹುದು, ಗಣಿತದಿಂದ ತಿದ್ದಲೂಬಹುದು. ಮಸುಕನ್ನು ಮಾತ್ರ ಹಾಗೆ ತಿದ್ದಲಾಗದು. ಅತ್ತ ಮಳೆಗೂ, ಸುಣ್ಣಕ್ಕೂ, ಪೂಜೆಯ ಎಣ್ಣೆಗೂ ಸಿಕ್ಕ ಕಲ್ಲುಗಳಲ್ಲಿ 1855ರಲ್ಲಿದ್ದ ಅಕ್ಷರವು ಇಂದು ಇಲ್ಲದಿರಬಹುದು. ಅಂಥಲ್ಲಿ ಹಳೆಯ ಮಸೂರದ ನಡುಭಾಗವೇ ಉಳಿದ ಏಕಮಾತ್ರ ಸಾಕ್ಷಿ. ಆದುದರಿಂದ ಅಗರಖೇಡದ ಸುತ್ತಿನ ಊರುಗಳ ಗುಡಿಯ ಮುಂದೆ, ಹಾಳುಬಾವಿಯ ಕಟ್ಟೆಯ ಮೇಲೆ, ಹೊಲದ ಬದುವಿನಲ್ಲಿ ನಿಂತ ಬರೆಹದ ಕಲ್ಲುಗಳನ್ನು ಇನ್ನು ಮುಂದೆ ಚಿತ್ರಿಸುವವರು, ಕಲ್ಲಿನ ನಾಲ್ಕು ಸುತ್ತಲೂ ಒಂದು ಗೇಣು ಬಯಲು ಬಿಟ್ಟು, ಅಕ್ಷರಗಳೆಲ್ಲ ಫಲಕದ ಒಳವಲಯದಲ್ಲಿಯೇ ಬೀಳುವಂತೆ ನೋಡಿಕೊಂಡು, ಕಂಡಿಯನ್ನು 22ರ ಗುರುತಿಗೆ, ಎಂದರೆ ಸಂಗಮದೂರದ 22ರಲ್ಲಿ ಒಂದು ಭಾಗಕ್ಕೆ, ಕಿರಿದುಗೊಳಿಸಿ, ಮುಂಜಾನೆಯ ಓರೆಬಿಸಿಲಿನಲ್ಲೊಮ್ಮೆ ಸಂಜೆಯ ಓರೆಬಿಸಿಲಿನಲ್ಲೊಮ್ಮೆ ತೆಗೆಯಬೇಕು. ಒಂದು ಬಿಸಿಲಿಗೆ ಮರೆಯಾದ ಗೀಟು ಇನ್ನೊಂದು ಬಿಸಿಲಿಗೆ ನೆರಳು ಬೀರಿ ಎದ್ದು ನಿಲ್ಲುತ್ತದೆ.